ಯಾರೂ ಹೊಡೆಯದ ಗುರುತು

ರತ್ನ, ನೀನು ನನ್ನನ್ನು ಹೊಡೆಯಲಿಲ್ಲ. ಒಂದು ಏಟೂ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಅದು ನಿನಗೆ ಗೊತ್ತು, ನನಗೆ ಗೊತ್ತು — ಆದರೂ ಅತ್ತೆಯನ್ನು ಬಡಿದ ಸೊಸೆ ಎಂಬ ಹೆಸರು ಹೊತ್ತು ನೀನು ಮದಕರಿಪುರದ ತವರಿಗೆ ಹೋಗುವಾಗ ನಾನು ಬಾಯಿ ಬಿಡಲಿಲ್ಲ.

ಮೊದಲು ಕಂಡವಳು ನೀನೇ. ಐಮಂಗಲದ ಮನೆಯ ಬಚ್ಚಲಲ್ಲಿ ನನ್ನ ಮೈಗೆ ನೀರು ಹಾಕುತ್ತಿದ್ದೆ. ತೋಳಿನ ಮೇಲೆ, ಬೆನ್ನಿನ ಮೇಲೆ, ನೇರಳೆ ಹಣ್ಣು ಹಿಸುಕಿ ಹಚ್ಚಿದಂಥ ಕಲೆಗಳು. ಎಲ್ಲಾದರೂ ಬಿದ್ದಿರಾ ಎಂದು ನೀನು ಕೇಳಿದೆ. ನಾನು ಬಿದ್ದಿರಲಿಲ್ಲ, ಬಾಗಿಲು ತಾಗಿರಲಿಲ್ಲ, ದೊಡ್ಡಿಯ ಟಗರೂ ಗುದ್ದಿರಲಿಲ್ಲ. "ನಾಳೆನೇ ದುರ್ಗಕ್ಕೆ ಹೋಗಾಣ ಬರ್ರಿ ಅತ್ತೆ, ಡಾಕ್ಟ್ರಿಗೆ ತೋರ್ಸಾಣ" ಅಂದೆ ನೀನು. ನಾನು ಸಿಡುಕಿದೆ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಟೀಚರ್ ನಾನು, ನನಗೇ ಬುದ್ಧಿ ಹೇಳಲು ಬಂದಳಲ್ಲ ಎಂಬ ಸಿಟ್ಟು — ಅಲ್ಲ, ಸುಳ್ಳು. ಸಿಟ್ಟಲ್ಲ ಅದು, ಹೆದರಿಕೆ. ಏಟು ಬಿದ್ದ ಗುರುತಾದರೆ ಮಾಯುತ್ತದೆ. ತಾನಾಗಿ ಬಂದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಒಳಗೆ ಏನೋ ಒಡೆದಿದೆ ಎನಿಸಿತ್ತು. ಮಗನಿಗೆ ಹೇಳಿದರೆ ನನ್ನ ಹೆಣ ನೋಡುತ್ತೀಯ ಎಂದು ಹೆದರಿಸಿ ನಿನ್ನಿಂದ ಆಣೆ ಮಾಡಿಸಿಕೊಂಡೆ. ಆಮೇಲೆ ಮೈತುಂಬ ಸೆರಗು ಹೊದ್ದುಕೊಂಡೇ ಓಡಾಡಿದೆ.

ಹೊಳಲ್ಕೆರೆಯಿಂದ ಮಗಳು ಗಿರಿಜಾ ಬಂದಳು. ಮೊಣಕೈ ನೋವಿಗೆ ಎಣ್ಣೆ ತಿಕ್ಕಲು ಕೂತವಳು ಸೆರಗು ಸರಿಸಿ ನೋಡಿದಳು.

"ಏನವ್ವ ಇದು? ರತ್ನ ಕೈ ಮಾಡಿದ್ಲಾ?"

ಮಗ ತಿಪ್ಪೇಶ ಹೊಸ್ತಿಲಲ್ಲೇ ನಿಂತಿದ್ದ. ನೀನು ಒಲೆಯ ಮುಂದಿದ್ದೆ. ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಆದರೆ ಇಲ್ಲ ಎಂದರೆ, ಮತ್ತೆ ಹೇಗೆ ಬಂತು ಎನ್ನುತ್ತಾರೆ, ಆಸ್ಪತ್ರೆಗೆ ಎಳೆಯುತ್ತಾರೆ, ಡಾಕ್ಟರ ಬಾಯಿಂದ ಅದರ ಹೆಸರು ಬರುತ್ತದೆ —

"ಹೋಗ್ಲಿ ಬಿಡೇ" ಅಂದೆ.

ಅಷ್ಟೇ. ನಡೆದದ್ದನ್ನು ಕ್ಷಮಿಸುವವರು ಆಡುವ ಮಾತು ಅದು. ನಡೆಯದೇ ಇದ್ದದ್ದು ಆ ಮಾತಿನಿಂದ ನಡೆದಂತಾಯಿತು. ದೊಡ್ಡತನ ನನಗೆ, ಅಪವಾದ ನಿನಗೆ. ನೀನು ಒಮ್ಮೆ ನನ್ನ ಕಡೆ ನೋಡಿದೆ. ಆಸ್ಪತ್ರೆಗೆ ಕರೆದಿದ್ದೆ ಎಂದು ನೀನು ಒಂದು ಮಾತು ಹೇಳಿದ್ದರೂ ಸಾಕಿತ್ತು. ಆಣೆ ಮುರಿಯಲಿಲ್ಲ ನೀನು. ತಿಪ್ಪೇಶ ನಿನ್ನ ಬಟ್ಟೆಬರೆ ಜಗಲಿಗೆ ತಂದಿಟ್ಟ.

ನೀನು ಹೋದ ಮೇಲೆ ನನ್ನ ತೊಡೆ ಊದಿ ಕಲ್ಲಾಯಿತು. ಒಸಡಿನಲ್ಲಿ ಜಿನುಗಿದ ರಕ್ತ ಹತ್ತಿ ತುರುಕಿದರೂ ನಿಲ್ಲಲಿಲ್ಲ. ದುರ್ಗದ ಡಾಕ್ಟರು ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ವಯಸ್ಸಾದ ಕೆಲವರಲ್ಲಿ, ರಕ್ತ ಹೆಪ್ಪುಗಟ್ಟಿಸುವ ಅಂಶವನ್ನು ಅವರ ಮೈಯೇ ಕೆಡಿಸಿಬಿಡುತ್ತದಂತೆ. ಏಟಿಲ್ಲದೆಯೇ ಚರ್ಮದ ಕೆಳಗೆ ರಕ್ತ ಸೋರುತ್ತದಂತೆ. ತಿಪ್ಪೇಶ ಪಕ್ಕದಲ್ಲೇ ಇದ್ದ. ಡಾಕ್ಟರು ಅತ್ತ ಹೋದ ಮೇಲೆ ಕೇಳಿದ, "ಹಂಗಾದ್ರೆ ಆವತ್ತಿಂದು, ಅವ್ವ?"

ಆಗಲಾದರೂ... ನಿಜ ಹೇಳಿದರೆ ಇವನೂ ಬಿಟ್ಟುಹೋದಾನು, ಗೊತ್ತಿಲ್ಲದ ಊರಿನ ಮಂಚದಲ್ಲಿ ಒಬ್ಬಳೇ ರಕ್ತ ಸೋರಿ ಸಾಯುತ್ತೇನೆ ಎನಿಸಿತು. "ಅದು ಬೇರೆ, ಇದು ಬೇರೆ ಕಣಪ್ಪ" ಅಂದುಬಿಟ್ಟೆ. ಮೊದಲ ಸಲ ಕಾಯಿಲೆ ಏನೆಂದು ಗೊತ್ತಿರಲಿಲ್ಲ. ಈ ಸಲ ಎಲ್ಲ ಗೊತ್ತಿದ್ದೇ ನಿನ್ನನ್ನು ಎರಡನೆಯ ಬಾರಿ ಮನೆಯಿಂದ ಹೊರಗೆ ಹಾಕಿದೆ.

ಮಾತ್ರೆ, ಇಂಜೆಕ್ಷನ್ನುಗಳಲ್ಲಿ ಬದುಕಿಕೊಂಡೆ. ವರ್ಷಗಳೇ ಆದವು. ಇವತ್ತು ಬೆಳಿಗ್ಗೆ ಮುಂಗೈ ಮೇಲೆ ಮತ್ತೊಂದು ಕಲೆ. ಸುಳ್ಳು ಇಟ್ಟುಕೊಂಡೇ ಹೋಗಿಬಿಡುತ್ತೇನೇನೋ ಎಂಬ ಹೊಸ ಹೆದರಿಕೆ ಹತ್ತಿತು. ಕುರಿ ಬಿಡುತ್ತಿದ್ದ ತಿಪ್ಪೇಶನನ್ನು ಕರೆದು ಕೈ ತೋರಿಸಿದೆ.

"ಯಾರೂ ಹೊಡ್ದಿಲ್ಲ ಕಣಪ್ಪ. ಆವತ್ತೂ ಯಾರೂ ಹೊಡ್ದಿರ್ಲಿಲ್ಲ."

ಅವನು ಕುರಿಗಳನ್ನು ಮತ್ತೆ ದೊಡ್ಡಿಯಲ್ಲಿ ಕೂಡಿಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಬೈಕ್ ಹತ್ತಿದ. ಗಿರಿಜಾಗೂ ಫೋನಿನಲ್ಲಿ ಹೇಳಿದೆ. ಅವಳು ಕಟ್ ಮಾಡಿದಳು.

ಇದನ್ನು ಬರೆಯುವಾಗಲೂ ಒಸಡು ಜಿನುಗುತ್ತಿದೆಯೇ ಎಂದು ನಾಲಿಗೆಯಿಂದ ಸವರಿ ನೋಡಿಕೊಳ್ಳುತ್ತಿದ್ದೇನೆ — ಅಷ್ಟು ಹೆದರಿದ್ದೇನೆ, ರತ್ನ. ಆದರೂ ನೋಡಿಕೊಳ್ಳಲು ಬಾ ಎಂದು ಕೇಳಲಾರೆ. ತಿಪ್ಪೇಶ ನಿಮ್ಮೂರಿನ ಕಡೆಗೇ ಬಂದಿರಬೇಕು. ಬಾಗಿಲು ತೆಗೆಯುವುದು, ಬಿಡುವುದು ನಿನ್ನಿಷ್ಟ. ನನ್ನ ಮುಖ ನೋಡಿ ಮಾತ್ರ ತೆಗೆಯಬೇಡ.