ಮಾಸ್ಟರ ಡೆಸ್ಕ್‌ಟಾಪಿಗೆ ಮೂರು ಅಂಗಿ

ಕಟಿಂಗ್ ಮಾಸ್ಟರ್ ಅಂದರೆ ಹೊಲಿಯುವವರಲ್ಲ, ಕತ್ತರಿಸುವವರು. ಅಂಗಡಿಯಲ್ಲಿ ಮಿಷನ್ ತುಳಿಯುವವರು ನಾಲ್ಕು ಜನ ಇದ್ದರೂ ದೊಡ್ಡ ಮೇಜಿನ ಮುಂದೆ ನಿಂತು ಬಟ್ಟೆಗೆ ಕತ್ತರಿ ಹಾಕುವವರು ಒಬ್ಬರೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹೋದಂತೆಯೇ. ಈ ಮಾಸ್ಟರು ಹಾಗೆ ನಲವತ್ತೆರಡು ವರ್ಷ ನಿಂತವರು. ನಿಂತೂ ನಿಂತೂ ಪಾದ ಅಗಲವಾಗಿ, ಮದುವೆಯಲ್ಲಿ ಏಳನೇ ನಂಬರಿನ ಚಪ್ಪಲಿ ಹಾಕುತ್ತಿದ್ದವರಿಗೆ ಕೊನೆಗೆ ಒಂಬತ್ತು ಬೇಕಾಗಿತ್ತು.

ನೆಟ್ಟಗಿನ ಮೈಯವರೆಲ್ಲ ರೆಡಿಮೇಡ್ ಅಂಗಡಿಗೆ ಹೊರಟುಹೋದ ಮೇಲೂ ಅವರಿಗೆ ಕೆಲಸ ತಪ್ಪಲಿಲ್ಲ. ಒಂದು ಭುಜ ಇಳಿದವರು, ಒಂದು ತೋಳು ಗಿಡ್ಡ ಇರುವವರು, ಬೆನ್ನು ಗೂನಾದವರು ಹುಡುಕಿಕೊಂಡು ಬರುತ್ತಿದ್ದರು. "ನಿಮ್ಮ ಮೈಯಲ್ಲಿ ಏನೂ ತಪ್ಪಿಲ್ಲ, ಈ ಅಂಗಿ ಹೊಲಿದವನಿಗೆ ಅಳತೆ ಗೊತ್ತಿಲ್ಲ ಅಷ್ಟೆ" ಅನ್ನುತ್ತಿದ್ದರು ಮಾಸ್ಟರು. ಗೂನು ಬೆನ್ನಿನ ಪೋಸ್ಟ್‌ಮ್ಯಾನ್ ಒಬ್ಬ ಹೊಸ ಅಂಗಿ ತೊಟ್ಟು, ಅದರ ಹಿಂದಿನ ಅಂಚು ಮೇಲಕ್ಕೆ ಎದ್ದಿಲ್ಲ ಅನ್ನುವುದನ್ನು ನಂಬಲಾರದೆ ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದು ಮಾಸ್ಟರ ಹೆಂಡತಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ಅಂಗಡಿ ಮುಚ್ಚಿದಾಗ ಮಾಸ್ಟರು ತಮ್ಮ ಮೇಜನ್ನು ಮನೆಗೆ ತಂದು ಮುಂದಿನ ಹಾಲಿನಲ್ಲಿ ಹಾಕಿದರು. ಒಂದು ವಾರ ಅದರ ಸುತ್ತ ಸುಮ್ಮನೆ ಸುತ್ತಿ, ಕೊನೆಗೆ ಅಂದರು:

"ಇದನ್ನೆಲ್ಲ ಬರೆದಿಡಬೇಕು ಕಣೇ. ಇಂಥ ಮೈಗೆ ಇಂಥ ಕಟಿಂಗು ಅಂತ. ಕಲಿಯೋರು ಎಲ್ಲೋ ಒಬ್ಬರು ಇದ್ದೇ ಇರ್ತಾರೆ."

"ಬರೀರಿ, ಯಾರು ಬೇಡ ಅಂದ್ರು? ಆಮೇಲೆ ಓದೋರು ಯಾರು? ನಿಮ್ಮ ಅಕ್ಷರ ನಿಮಗೇ ತಿಳಿಯಲ್ಲ."

ಭಾನುವಾರ ಅಂತ ಬಂದಿದ್ದ ಮಗಳು ನಕ್ಕಳು. "ಅಮ್ಮ ಹೇಳೋದು ಸರಿ ಅಪ್ಪಾ. ಒಂದು ಕಂಪ್ಯೂಟರ್ ತಗೋ. ಟೈಪ್ ಮಾಡೋದು ನಾನು ತೋರಿಸಿಕೊಡ್ತೀನಿ."

ಮೂವರೂ ಹೋದರು. ಅಂಗಡಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಡೆಸ್ಕ್‌ಟಾಪ್ ಒಂದು, ಲ್ಯಾಪ್‌ಟಾಪ್ ಒಂದು ಪಕ್ಕಪಕ್ಕ ಇಟ್ಟು, ಹೆಣ್ಣು ತೋರಿಸುವವರ ಹಾಗೆ ಎರಡರ ಗುಣವನ್ನೂ ಹೇಳಿದಳು. ಮಾಸ್ಟರ ಕೈ ಲ್ಯಾಪ್‌ಟಾಪಿನ ಮೇಲೆಯೇ ಇತ್ತು. ಮುಚ್ಚಿದರು, ತೆರೆದರು, ಒಳ್ಳೆ ಬಟ್ಟೆಯ ಥಾನನ್ನು ಸವರುವಂತೆ ಅಂಗೈಯಿಂದ ಸವರಿದರು.

"ಎತ್ತಿ ನೋಡೇ ಒಂದ್ಸಲ. ನನ್ನ ಇಸ್ತ್ರಿಪೆಟ್ಟಿಗೆಗಿಂತ ಹಗುರ."

ಹೆಂಡತಿ ಮುಟ್ಟಲಿಲ್ಲ. "ಮಡಚೋ ಸಾಮಾನು ಮಡಿಕೆಯಲ್ಲೇ ಮೊದಲು ಹೋಗೋದು. ಬಟ್ಟೆ ಹರಿಯೋದೂ ಅಲ್ಲೇ ಅಂತ ನೀವೇ ಹೇಳ್ತೀರಲ್ಲ."

ಮಾಸ್ಟರು ಲ್ಯಾಪ್‌ಟಾಪಿನಿಂದ ಕೈ ತೆಗೆದರು. ಅವರದೇ ಕತ್ತರಿಯಲ್ಲಿ ಅವರನ್ನೇ ಕತ್ತರಿಸಿದ್ದಳು.

"ಅಲ್ಲಮ್ಮಾ, ಅಪ್ಪ ಎಲ್ಲಿ ಬೇಕೋ ಅಲ್ಲಿ ಕೂತ್ಕೋಬಹುದು ಇದರಲ್ಲಿ" ಅಂದಳು ಮಗಳು.

"ಎಲ್ಲಿ ಕೂರ್ತಾರೆ? ಇಷ್ಟು ದೊಡ್ಡ ಮೇಜು ಬಿದ್ದಿದೆ ಮನೇಲಿ. ಪರದೆ ದೊಡ್ಡದು, ಅಕ್ಷರ ದೊಡ್ಡದು, ಕೆಟ್ಟರೆ ಕೆಟ್ಟ ಭಾಗ ಮಾತ್ರ ಬದಲಾಯಿಸಿದರಾಯ್ತು. ಏನಮ್ಮಾ, ನೀನೇ ಹೇಳಿದ್ದಲ್ಲವಾ ಈಗ?"

ಕನ್ನಡಕದ ಹುಡುಗಿ ಹೌದೆಂದು ತಲೆಯಾಡಿಸಿದಳು. ಮಾಸ್ಟರ ಹೆಂಡತಿ ಹೇಳಿದ ಕಾರಣವೆಲ್ಲ ಸರಿಯೇ. ಹೇಳದೆ ನುಂಗಿಕೊಂಡಿದ್ದು ಬೇರೆ ಇತ್ತು. ಬಾಗಿಲು ತೆಗೆದವರ ಕಣ್ಣಿಗೆ ಮೊದಲು ಬೀಳುವಂತೆ ಹಾಲಿನಲ್ಲಿ ದೊಡ್ಡ ಕಂಪ್ಯೂಟರ್ ಇರಬೇಕು, ಎದುರು ಮನೆಯಾಕೆ ನೋಡಬೇಕು. ಆ ಸಣ್ಣದನ್ನು ಇವರು ರೂಮಿಗೆ ಎತ್ತಿಕೊಂಡು ಹೋಗಿ ಕೂತರೆ ಯಾರಿಗೆ ಕಾಣುತ್ತದೆ?

ಡೆಸ್ಕ್‌ಟಾಪ್ ಬಂತು. ಎದುರು ಮನೆಯಾಕೆಯೂ ಬಂದು ನೋಡಿದಳು. ಧೂಳು ಕೂರದಿರಲಿ ಅಂತ ಮಾಸ್ಟರ ಹೆಂಡತಿ ಮಾನಿಟರಿಗೊಂದು, ಸಿಪಿಯುಗೊಂದು, ಕೀಬೋರ್ಡಿಗೊಂದು ನೀಲಿ ಬಟ್ಟೆಯ ಗವಸು ಹೊಲಿದಳು, ಅಂಚಿಗೆ ಬಿಳಿ ಪಟ್ಟಿ ಬೇರೆ. "ನನಗೆ ಮದುವೆಯಾದಾಗಿಂದ ಒಂದು ಅಂಗಿ ಹೊಲಿದುಕೊಡಲಿಲ್ಲ, ಈ ಡಬ್ಬಕ್ಕೆ ಮೂರು!" ಅಂತ ಮಾಸ್ಟರು ಛೇಡಿಸಿದರು. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಗವಸು ತೆಗೆದು, ನಾಲ್ಕಾಗಿ ಮಡಿಸಿಟ್ಟು, ಒಂದೇ ಬೆರಳಲ್ಲಿ ಟಕ್ ಟಕ್ ಅಂತ ಕುಟ್ಟುತ್ತಿದ್ದರು. ಇಳಿದ ಭುಜದ್ದು ಮುಗಿಯಿತು. ಗಿಡ್ಡ ತೋಳಿನದು ಮುಗಿಯಿತು. ಎಲ್ಲಕ್ಕಿಂತ ಕಷ್ಟದ್ದು, ಬೇರೆ ಯಾರಿಗೂ ಬಾರದ್ದು ಗೂನು ಬೆನ್ನಿನದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದರು.

ಅದನ್ನು ಶುರುಮಾಡಿದ ವಾರವೇ ಬಚ್ಚಲಲ್ಲಿ ಜಾರಿದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದವರು ರೂಮಿನ ಮಂಚ ಹಿಡಿದರು. ಬೆನ್ನಿಗೆ ಎರಡು ದಿಂಬು ಕೊಟ್ಟರೆ ಅರ್ಧ ಒರಗಿ ಇರುತ್ತಿದ್ದರು, ಕುರ್ಚಿಯಲ್ಲಿ ಹತ್ತು ನಿಮಿಷ ಕೂರುವ ಹಾಗಿಲ್ಲ. ಕೈ ಮಾತ್ರ ನೆಟ್ಟಗಿತ್ತು, ತಲೆ ಇನ್ನೂ ನೆಟ್ಟಗಿತ್ತು. ಕಂಪ್ಯೂಟರನ್ನಾದರೂ ರೂಮಿಗೆ ತರೋಣವೆಂದರೆ ಮೇಜು ಬಾಗಿಲಲ್ಲಿ ತೂರದು, ಮಂಚ ಬೀರು ಬಿಟ್ಟರೆ ಅಲ್ಲಿ ಸ್ಟೂಲಿಗೂ ಜಾಗವಿಲ್ಲ.

"ಅಮ್ಮಾ, ಅದನ್ನ ಮಾರಿ ಲ್ಯಾಪ್‌ಟಾಪ್ ತರ್ತೀನಿ. ತೊಡೆ ಮೇಲೆ ಇಟ್ಕೊಂಡು ಮಾಡ್ತಾರೆ" ಅಂದಳು ಮಗಳು.

"ಎಂಟು ತಿಂಗಳೂ ಆಗಿಲ್ಲ ತಂದು. ಇನ್ನೆರಡು ತಿಂಗಳಿಗೆ ಎದ್ದು ಓಡಾಡ್ತಾರೆ ಅಂದಿದ್ದಾರೆ ಡಾಕ್ಟ್ರು. ಅಷ್ಟಕ್ಕೆ ಯಾಕೆ ಇನ್ನೊಂದು?"

ಲ್ಯಾಪ್‌ಟಾಪ್ ತಂದರೆ ಇವರು ಏಳುವುದಿಲ್ಲ ಅಂತ ಒಪ್ಪಿಕೊಂಡಂತೆ, ಹಾಗನ್ನಿಸಿತ್ತು ಅವಳಿಗೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಾಸ್ಟರು ಮೇಲೆ ತಿರುಗುವ ಫ್ಯಾನು ನೋಡುತ್ತಾ, "ನಿಮ್ಮಮ್ಮ ಹೇಳಿದ ಹಾಗೇ ಆಗಲಿ ಬಿಡು" ಅಂದರು.

ಆಮೇಲೆ ಒಂದು ದಿನ ಹೆಂಡತಿಗೆ, "ನಾನು ಹೇಳ್ತೀನಿ, ನೀನು ಟೈಪ್ ಹೊಡಿ" ಅಂದರು. ನಾಲ್ಕನೇ ಕ್ಲಾಸಿಗೆ ಪಾಟಿಚೀಲ ಮೂಲೆಗಿಟ್ಟವಳು ಅವಳು. ರೂಮಿನಲ್ಲಿ ಕೇಳಿಸಿಕೊಂಡು, ಹಾಲಿಗೆ ಓಡಿ, ಅಕ್ಷರ ಹುಡುಕುವಷ್ಟರಲ್ಲಿ ಅರ್ಧ ಮಾತು ದಾರಿಯಲ್ಲೇ ಉದುರಿಹೋಗುತ್ತಿತ್ತು.

"ಆಯ್ತೇನೇ?" ಒಳಗಿಂದ ಕೂಗು.

"ಅಯ್ಯೋ ಇರ್ರೀ, ಇನ್ನೂ ಮೊದಲನೇ ಅಕ್ಷರ ಸಿಕ್ಕಿಲ್ಲ!"

ಇಬ್ಬರೂ ನಕ್ಕರು. ಮೂರನೇ ಸಲ ಓಡಿ ಬಂದಾಗ ಅವಳಿಗೆ ಸಾಕಾಯಿತು. "ಭಾನುವಾರ ಮಗಳು ಬರ್ತಾಳೆ, ಅವಳ ಕೈಲಿ ಹೊಡಿಸಿ. ನನ್ನ ತಪ್ಪು ಅಕ್ಷರ ನಿಮ್ಮ ಪುಸ್ತಕಕ್ಕೆ ಯಾಕೆ?"

"ಸರಿ, ಭಾನುವಾರ" ಅಂದರು ಮಾಸ್ಟರು.

ಗುರುವಾರ ಅವರ ಮಾತು ನಿಂತಿತು, ಬಲಗೈಯೂ ನಿಂತಿತು. ಡಾಕ್ಟರು ಬಂದು, ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಭಾನುವಾರ ಬಂದ ಮಗಳು ಅಪ್ಪನ ಕೈ ಹಿಡಿದು ಅತ್ತು ಹೋದಳು.

ಅದರ ಮಾರನೇ ದಿನ ಮಾಸ್ಟರು ಎಡಗೈಯಿಂದ ಬೀರು ತೋರಿಸಿದರು. ನೀರು ಕೊಟ್ಟಳು, ಬೇಡ. ಔಷಧಿ ಕೊಟ್ಟಳು, ಬೇಡ. ಕೊನೆಗೆ ಚಾಕ್‌ಪೀಸಿನ ಡಬ್ಬಿ ಕೈಗೆ ಕೊಟ್ಟಾಗ ಮುಖ ಅರಳಿತು. ಬಟ್ಟೆಯ ಮೇಲೆ ಗೆರೆ ಹಾಕುವ ಆ ಚಪ್ಪಟೆ ನೀಲಿ ಚಾಕ್‌ಪೀಸಿನಿಂದ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ ಒಂದು ಬಾಗಿದ ಗೆರೆ ಹಾಕಿದರು. ಪಕ್ಕಕ್ಕೆ ಸೊಟ್ಟಪಟ್ಟ ಅಂಕಿ. ಮತ್ತೆ ಗೆರೆ. ಮುಂದಿನ ಹಾಲಿನ ಕಡೆ ಬೆರಳು ಮಾಡಿದರು, ಗೆರೆಯ ಮೇಲೆ ಕುಟ್ಟಿದರು, ಮತ್ತೆ ಹಾಲಿನ ಕಡೆ. ಹೊತ್ತು ಹೋಗಲು ಏನೋ ಗೀಚುತ್ತಿದ್ದಾರೆ ಅಂದುಕೊಂಡ ಅವಳು, "ಚೆನ್ನಾಗಿದೆ ರೀ, ಈಗ ಸ್ವಲ್ಪ ಮಲಗಿ" ಅಂದಳು.

ಮರುದಿನ ಬೆಳಿಗ್ಗೆ ಅವರನ್ನು ಮಗ್ಗುಲು ತಿರುಗಿಸಿ, ಬಟ್ಟೆ ಎಳೆದು ಬಕೆಟ್ಟಿನಲ್ಲಿ ನೆನೆಹಾಕಿದಳು. ನಲವತ್ತು ವರ್ಷ ಅವರ ಅಂಗಿ ತೋಳಿನ ಚಾಕ್‌ಪೀಸಿನ ಗುರುತು ತೊಳೆದ ಕೈ ಅದು, ಯೋಚನೆ ಮಾಡಲಿಲ್ಲ. ನೀರು ಒಂದು ಗಳಿಗೆ ತಿಳಿನೀಲಿಯಾಯಿತು. ಒಗೆದ ಬಟ್ಟೆ ಹಾಸಿದಾಗ ಮಾಸ್ಟರು ಎಡಗೈ ಆಡಿಸಿ ಹುಡುಕಿದರು. ಅವಳ ಮುಖ ನೋಡಿದರು. ಮತ್ತೆ ಚಾಕ್‌ಪೀಸ್ ಕೇಳಲಿಲ್ಲ. ತಿಂಗಳೊಳಗೆ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಮಾನಿಟರಿನ ಗವಸು ತೆಗೆದು, ಅಪ್ಪ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು ಹೀಗಿತ್ತು: 'ಗೂನು ಬೆನ್ನಿಗೆ ಹಿಂಭಾಗ ಕತ್ತರಿಸುವಾಗ ಕಾಲರಿನ ಬುಡದಿಂದ ಗೂನಿನ ತುದಿವರೆಗೆ ಅಳೆದು, ಅಲ್ಲಿ.' ಅಷ್ಟೇ. ಅಲ್ಲಿ ಏನು, ಎಷ್ಟು, ಇಲ್ಲ.

"ಆ ಗೆರೆ" ಅಂದಳು ಮಾಸ್ಟರ ಹೆಂಡತಿ. ರೂಮಿನ ಮಂಚದ ಕಡೆ ತಿರುಗಿದಳು.

"ಯಾವ ಗೆರೆ ಅಮ್ಮಾ?"

ಅವಳಿಗೆ ಎಲ್ಲ ನೆನಪಿದೆ. ಕಂಪ್ಯೂಟರ್ ಅಂಗಡಿಯ ಹುಡುಗಿಯ ಕನ್ನಡಕದ ಒಂದು ಕಡ್ಡಿಗೆ ಪಟ್ಟಿ ಸುತ್ತಿದ್ದದ್ದು ಕೂಡ. ಆದರೆ ಆ ಬಟ್ಟೆಯ ಮೇಲೆ ಬರೆದ ಅಂಕಿ ಎರಡೋ ಮೂರೋ, ಗೆರೆ ಬಾಗಿದ್ದು ಒಳಕ್ಕೋ ಹೊರಕ್ಕೋ, ಎಷ್ಟು ಸಲ ಕಣ್ಣು ಮುಚ್ಚಿದರೂ ಬಿಳಿ ಬಟ್ಟೆ ಮಾತ್ರ ಕಾಣುತ್ತದೆ.

ಮೊನ್ನೆ ಮಗಳು ತನ್ನ ಆಫೀಸಿನ ಲ್ಯಾಪ್‌ಟಾಪ್ ತಂದು ಅಪ್ಪನ ಮಂಚದ ಮೇಲೆ ಕೂತು ಏನೋ ಮಾಡುತ್ತಿದ್ದಳು. ಫೋನ್ ಬಂತು. "ಹಿಡ್ಕೋ ಅಮ್ಮಾ, ಒಂದ್ನಿಮಿಷ" ಅಂತ ಪಕ್ಕದಲ್ಲಿದ್ದ ತಾಯಿಯ ತೊಡೆಯ ಮೇಲೆ ಇಟ್ಟು ಹೊರಗೆ ಹೋದಳು. ತಿರುಗಿ ಬಂದಾಗ ತಾಯಿ ಅದನ್ನು ಎರಡೂ ಕೈಯಲ್ಲಿ ಗೇಣಷ್ಟು ಎತ್ತಿ ಹಿಡಿದು ಹಾಗೇ ಕೂತಿದ್ದಳು.

"ಏನಮ್ಮಾ, ಭಾರವಾಯ್ತಾ?"

"ಇಲ್ವೇ" ಅಂದಳು. "ಇಸ್ತ್ರಿಪೆಟ್ಟಿಗೆಗಿಂತ ಹಗುರ ಅಂದಿದ್ರು. ಹೌದು."

ಎರಡು ದಿಂಬನ್ನು ಗೋಡೆಗೆ ಆನಿಸಿ, ಅಲ್ಲಿ ಒರಗಿದವರ ತೊಡೆ ಎಲ್ಲಿಗೆ ಬರುತ್ತದೋ ಅಲ್ಲಿ, ಹಾಸಿಗೆಯ ಮೇಲೆ ಅದನ್ನು ಇಟ್ಟಳು.

"ಇನ್ನೂ ಮುಚ್ಚಬೇಡ" ಅಂದಳು. "ಸ್ವಲ್ಪ ಹೊತ್ತು ಅಲ್ಲೇ ಇರಲಿ."