ಮುನಿನಾರಾಯಣಮ್ಮನ ಎಂ.ಎ.

ಅಲ್ಲಾಳಸಂದ್ರದ ಹಳೇ ಊರಿನ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಟೀಚರ್ ಆಗಿರುವ ಮುನಿನಾರಾಯಣಮ್ಮ, ನಲವತ್ತಾರನೇ ವಯಸ್ಸಿನಲ್ಲಿ ರಾಜ್ಯಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದಾಗ ಬಡ್ತಿಗೋಸ್ಕರ ಇರಬೇಕು ಅಂದುಕೊಂಡವರೇ ಹೆಚ್ಚು. ಬಡ್ತಿಯ ಮಾತೇ ಇರಲಿಲ್ಲ. ಆಕೆಗೆ ಪೇಪರಿನಲ್ಲಿ ಹೊರದೇಶದ ಸುದ್ದಿ ಓದುವ ಚಟ. ಮಕ್ಕಳು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ, ಎಲ್ಲೋ ಆಫ್ರಿಕಾದಲ್ಲಿ ದನ ಮಾರಿದ ದುಡ್ಡೂ ಫೋನಿಗೇ ಬರುತ್ತದಂತೆ, ಇನ್ನೆಲ್ಲೋ ಚುನಾವಣೆಯ ದಿನ ಸರ್ಕಾರ ಇಂಟರ್‌ನೆಟ್ಟನ್ನೇ ನಿಲ್ಲಿಸಿತಂತೆ ಎಂದು ಸಹಾಯಕಿಗೆ ಬಿಡಿಸಿ ಹೇಳುತ್ತಿದ್ದಳು. ಗಂಡ ಆನಂದಪ್ಪ, ನಿನಗ್ಯಾಕೆ ಅವರೂರಿನ ಉಸಾಬರಿ ಎನ್ನುತ್ತಲೇ ಫೀಸು ಕಟ್ಟಿ ಬಂದ. ಭಾನುವಾರದ ತರಗತಿಗೆ ಯಶವಂತಪುರದವರೆಗೂ ತಾನೇ ಸ್ಕೂಟರಿನಲ್ಲಿ ಬಿಡುತ್ತಿದ್ದ. ಕೇಳಿದವರಿಗೆ ಮಾತ್ರ, ನನಗೂ ಅಲ್ಲಿ ಮಾರ್ಕೆಟ್ಟಿನಲ್ಲಿ ಕೆಲಸವಿತ್ತು ಎನ್ನುವನು.

ಎರಡನೇ ವರ್ಷ ಪ್ರಬಂಧ ಬರೆಯಬೇಕಾಯಿತು. ವಿಷಯ, ಅಭಿವೃದ್ಧಿಶೀಲ ದೇಶಗಳಲ್ಲಿ ರಾಜಕಾರಣ ಮತ್ತು ತಂತ್ರಜ್ಞಾನ. ಮೇಷ್ಟ್ರು ರವಿಕಿರಣ, ಆಕೆಗಿಂತ ಹದಿನೈದು ವರ್ಷ ಚಿಕ್ಕವರು, ಒಬ್ಬೊಬ್ಬರು ಒಂದೊಂದು ದೇಶ ಆರಿಸಿಕೊಳ್ಳಿ ಎಂದರು. ತನ್ನ ಸರದಿ ಬಂದಾಗ ಮುನಿನಾರಾಯಣಮ್ಮ ಎದ್ದು ನಿಂತಳು.

"ಸಾರ್, ನಾನು ಅಲ್ಲಾಳಸಂದ್ರ ತಗೊಳ್ಳಾ?"

ಹಿಂದಿನ ಬೆಂಚಿನವರು ನಕ್ಕರು. ರವಿಕಿರಣ ನಗಲಿಲ್ಲ. ಅಲ್ಲಿ ಏನಿದೆ ಎಂದು ಕೇಳಿದರು.

"ನನ್ ಫೋನಿದೆ ಸಾರ್."

ಅದು ಅಂಗನವಾಡಿಯ ಕೆಲಸಕ್ಕೆಂದು ಕೊಟ್ಟ ಫೋನು. ಬಸುರಿಯರ, ಬಾಣಂತಿಯರ ಮುಖವನ್ನು ಅದರೊಳಗಿನ ಆ್ಯಪ್ ಗುರುತಿಸಿದರೆ ಮಾತ್ರ ತಿಂಗಳ ಆಹಾರದ ಪೊಟ್ಟಣ ಕೊಡಬೇಕೆಂದು ಹೊಸ ನಿಯಮ ಬಂದಿತ್ತು. ಹೆಚ್ಚಿನವರಿಗೆ ತೊಂದರೆಯಿರಲಿಲ್ಲ. ಕೆಲವರಿಗೆ ಮಾತ್ರ ಆ್ಯಪ್ ಒಪ್ಪುತ್ತಿರಲಿಲ್ಲ. ಹಾಗೆ ಬರಿಗೈಯಲ್ಲಿ ಹೋದವರ ಹೆಸರನ್ನು, ಕಾರಣದ ಸಮೇತ, ಆಕೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಅದೇ ಪ್ರಬಂಧಕ್ಕೆ ಸಾಮಗ್ರಿಯಾಯಿತು.

ಆರನೇ ಹೆಸರು ರಾಣಿಯದು. ಸೆಂಟ್ರಿಂಗ್ ಕೆಲಸದವನ ಹೆಂಡತಿ, ಏಳು ತಿಂಗಳ ಬಸುರಿ. ಆಧಾರ್ ಕಾರ್ಡಿನಲ್ಲಿದ್ದದ್ದು ಹದಿನಾಲ್ಕರ ವಯಸ್ಸಿನ ಕಡ್ಡಿಯಂಥ ಮುಖ. ಈಗಿನದು ಬಾವು ಬಂದು ದುಂಡಗಾಗಿತ್ತು. ಕಿಟಕಿಯ ಬಳಿ ನಿಲ್ಲಿಸಿದ್ದಾಯಿತು, ಹೊರಗೆ ಹೊಂಗೆಮರದ ಹತ್ತಿರ ಬಿಸಿಲಿಗೆ ನಿಲ್ಲಿಸಿದ್ದಾಯಿತು. ಫೋನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬುಡಕ್ಕಾ, ನಾನು ನಾನಲ್ವೇನೋ" ಎಂದು ರಾಣಿ ನಕ್ಕು ಹೊರಟಳು. ಮುನಿನಾರಾಯಣಮ್ಮ ಅವಳನ್ನು ವಾಪಸು ಕರೆದು ಕೂರಿಸಿ, ಪೊಟ್ಟಣ ಕೊಟ್ಟು, ಹಳೇ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಳು.

ವಾರ ಕಳೆಯುವಷ್ಟರಲ್ಲಿ, ಆ್ಯಪ್ ಒಪ್ಪದೆ ಪೊಟ್ಟಣ ಕೊಟ್ಟದ್ದೇಕೆ ಎಂದು ಇಲಾಖೆಯಿಂದ ನೋಟಿಸು ಬಂತು. ಇಷ್ಟು ವರ್ಷದಲ್ಲಿ ಅವಳಿಗೆ ಬಂದ ಮೊದಲ ನೋಟಿಸು ಅದು. ಆದರೂ ಎರಡು ಪುಟದ ಉತ್ತರ ಬರೆದಳು. ಬರಿಗೈಯಲ್ಲಿ ಹೋದ ಐವರ ಹೆಸರನ್ನೂ ಸೇರಿಸಿದಳು.

ವಿಚಾರಣೆಗೆ ಸೂಪರ್‌ವೈಸರ್ ಗೌರಮ್ಮ ಬಂದರು. ಕಟ್ಟುನಿಟ್ಟಿನ ಹೆಂಗಸು. ನಿಯಮ ಎಂದರೆ ನಿಯಮ, ಎಲ್ಲರೂ ಹೀಗೆ ತಮತಮಗೆ ತೋಚಿದಂತೆ ಕೊಟ್ಟರೆ ಕಳ್ಳತನ ತಡೆಯುವುದು ಹೇಗೆ ಎಂದರು. ಅದೂ ನಿಜವೇ ಎಂದು ಮುನಿನಾರಾಯಣಮ್ಮ ಒಪ್ಪಿದಳು. ಆಮೇಲೆ ರಾಣಿಯನ್ನು ಕರೆಸಿ, ಫೋನನ್ನು ಗೌರಮ್ಮನವರ ಕೈಗೆ ಕೊಟ್ಟಳು. ಅವರು ಅದನ್ನು ರಾಣಿಯ ಮುಖಕ್ಕೆ ಹಿಡಿದು ಎಂಟು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ನೋಡಿದರು, ಆಗಲೂ ಒಪ್ಪಲಿಲ್ಲ. ತುಂಬು ಬಸುರಿ ನಿಂತು ನಿಂತು ಗೋಡೆಗೆ ಒರಗಿದಳು.

"ಮೇಡಂ, ಕಳ್ಳತನ ತಡೀಲಿ, ಬ್ಯಾಡ ಅನ್ನಲ್ಲ. ಆದ್ರೆ ಇದು ಇಲ್ಲ ಅಂದ್ಮೇಲೆ, ಹೌದು ಅನ್ನಕ್ಕೆ ಯಾರಾದ್ರೂ ಒಬ್ರು ಮನುಷ್ಯರು ಇರ್ಬೇಕಲ್ವಾ? ಇಂಗೇ ಬುಟ್ರೆ ಇವಳು ಯಾರ್ ಹತ್ರ ಹೋಗ್ಬೇಕು?"

ಗೌರಮ್ಮ ರಿಜಿಸ್ಟರ್ ಎಳೆದುಕೊಂಡು ರಾಣಿಯ ಸಹಿಯ ಪಕ್ಕದಲ್ಲಿ ತಮ್ಮದನ್ನೂ ಹಾಕಿದರು. "ಇನ್ಮೇಲೆ ಹಿಂಗಾದಾಗ ನಂಗೆ ಫೋನ್ ಮಾಡಿ, ಬಂದು ಸೈನ್ ಹಾಕ್ತೀನಿ. ಮೇಲಕ್ಕೂ ಬರೀತೀನಿ" ಎಂದರು. ನೋಟಿಸಿನ ಸುದ್ದಿ ಮತ್ತೆ ಬರಲಿಲ್ಲ. ನಿಯಮವೇನೂ ಬದಲಾಗಲಿಲ್ಲ, ಆದರೆ ಗೌರಮ್ಮನವರ ಕೈಕೆಳಗಿನ ಇಪ್ಪತ್ತೆರಡು ಅಂಗನವಾಡಿಗಳಲ್ಲಿ ಅಂದಿನಿಂದ ಯಾರೂ ಬರಿಗೈಯಲ್ಲಿ ಹೋಗಲಿಲ್ಲ.

ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಕಾಗುಣಿತದ ತಪ್ಪು ನಲವತ್ತು ಇದ್ದವು, ಒಂದನ್ನೂ ಎಣಿಸಬೇಕೆನಿಸಲಿಲ್ಲ ಎಂದು ರವಿಕಿರಣ ಆಮೇಲೆ ಹೇಳಿದರಂತೆ. ಎಣಿಸಿದ್ದರಿಂದಲೇ ತಾನೇ ನಲವತ್ತು ಎಂದು ಗೊತ್ತಾದದ್ದು ಎಂದು ಆಕೆ ನಕ್ಕಳು.

ಆನಂದಪ್ಪ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ತಂದ. ಹಾಗೆಲ್ಲ ಮಾಡಿಸಬಾರದು, ಮುಂದೆ ಮೊಹರು ಹಾಕಿಸಬೇಕಾದರೆ ಏನು ಗತಿ ಎಂದು ಆಕೆ ಬೈದಳು. ಮುಂದೆ ಇನ್ನೇನಿದೆ ಎಂದು ಅವನು ಕೇಳಿದ. ಪಿಎಚ್.ಡಿ. ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಆಕೆ ಅವನ ಮುಂದೆ ಇಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪರೀಕ್ಷೆ ಯಾವ ಕಡೆ, ಸ್ಕೂಟರ್ ನಿಲ್ಲಿಸಲು ಜಾಗವಿದೆಯೋ ಇಲ್ಲವೋ ಎಂದು ವಿಚಾರಿಸಿದ.