ಕುಲಾವಿಯ ಮೇಲಿನ ಹೊಂಬಾಳೆ

ದಬ್ಬೇಘಟ್ಟದ ಬಸ್ಸಿಳಿದು ಸಿದ್ದಗಂಗಮ್ಮ ತುರುವೇಕೆರೆಯ ಟೈಲರ್ ನೂರ್ ಅಹಮದರ ಅಂಗಡಿಗೆ ಬಂದಾಗ, ಅವರು ಎಂದಿನಂತೆ ಅಳತೆ ಟೇಪು ಕೈಗೆತ್ತಿಕೊಂಡರು.

"ಅಳತೆ ಬ್ಯಾಡ ಕಣಪ್ಪ. ನಿನ್ನ ಮಗಳನ್ನ ಕರಿ. ಕೈಹೊಲಿಗೆ ಕಲೀಬೇಕು."

"ಯಾರು ಕಲೀಬೇಕು?"

"ನಾನೇ. ನಗಬ್ಯಾಡ ಮತ್ತೆ."

ನೂರ್ ಅಹಮದ್ ನಗಲಿಲ್ಲ. ಒಳಗಿನಿಂದ ಬಂದ ಮಗಳು ತರನ್ನುಮ್ ನಕ್ಕಳು. ಮದುವೆ ಬ್ಲೌಸುಗಳಿಗೆ ಕಸೂತಿ ಹಾಕುವವಳು ಅವಳೇ. ಹೋದ ತಿಂಗಳು ಒಂದು ಮದುವೆಯಲ್ಲಿ ಹೆಣ್ಣಿನ ಬ್ಲೌಸಿನ ತೋಳಿನ ಮೇಲೆ ಸಿದ್ದಗಂಗಮ್ಮ ತರನ್ನುಮ್ ಹೊಲಿದ ಒಂದು ಹೊಂಬಾಳೆ ನೋಡಿದ್ದರು. ಅದರ ಎಳೆಗಳು ಬಟ್ಟೆಗೆ ಅಂಟಿ ಮಲಗಿರಲಿಲ್ಲ. ಬುಡ ಮಾತ್ರ ಬಟ್ಟೆಯಲ್ಲಿ, ಉಳಿದದ್ದೆಲ್ಲ ಮೇಲೆ. ಹೆಣ್ಣು ಕೈಯೆತ್ತಿದಾಗಲೆಲ್ಲ ತೋಟದಲ್ಲಿ ಗಾಳಿ ಬಂದ ಹಾಗೆ ಅಲುಗುತ್ತಿದ್ದವು.

"ಅದಕ್ಕೆ ಫೋನಲ್ಲಿ ಇಂಗ್ಲಿಷ್ ಹೆಸರೇನೋ ಇದೆ ಅಜ್ಜಿ. ನಾನು ನಿಂತ ಹೊಲಿಗೆ ಅಂತೀನಿ," ಎಂದಳು ತರನ್ನುಮ್. "ನನಗೇ ಆರು ತಿಂಗಳು ಹಿಡೀತು."

"ನನಗೆ ಇಪ್ಪತ್ತು ದಿನ ಐತೆ ಕಣೇ."

ಇನ್ನು ಇಪ್ಪತ್ತು ದಿನಕ್ಕೆ ಅವರ ಮಗಳು ಸೌಮ್ಯಳ ಕೂಸಿನ ನಾಮಕರಣ. ಕುಲಾವಿ ತಾಯಿಯ ಮನೆಯಿಂದ ಹೋಗಬೇಕು. ಅಂಗಡಿಯಲ್ಲಿ ಕೊಂಡರಾಯಿತು ಬುಡಮ್ಮ ಎಂದು ಸೌಮ್ಯ ಹೇಳಿದ್ದಳು. ಸಿದ್ದಗಂಗಮ್ಮನವರಿಗೆ ಮಾತ್ರ ಅದನ್ನು ತಾವೇ ಹೊಲಿಯಬೇಕಿತ್ತು. ಆರನೇ ಕ್ಲಾಸಿನಲ್ಲಿ ಹೊಲಿಗೆ ಮೇಷ್ಟ್ರಮ್ಮ ಅವರ ಬೆರಳು ನೋಡಿ ಕರ್ಚೀಫು ಕಿತ್ತುಕೊಂಡಿದ್ದರು. "ಈ ಕೈ ಹಗ್ಗಕ್ಕೇ ಸರಿ." ಮುಂಜಾನೆ ತೆಂಗಿನ ನಾರು ಹೊಸೆದು ಸ್ಕೂಲಿಗೆ ಹೋಗುತ್ತಿದ್ದ ಕೈ ಅದು. ಆಮೇಲೆ ಐವತ್ತು ವರ್ಷ ಹಗ್ಗವನ್ನೇ ಹೊಸೆಯಿತು. ಆ ಮಾತು ನಿಜವೋ ಅಲ್ಲವೋ ಎಂದು ಒಮ್ಮೆ ನೋಡಿಬಿಡಬೇಕಿತ್ತು.

ದಿನ ಬಿಟ್ಟು ದಿನ ಬಂದರು. ಸೂಜಿಯನ್ನು ಬಟ್ಟೆಗೆ ಅರ್ಧ ಚುಚ್ಚಿ ಕಂಬದಂತೆ ನಿಲ್ಲಿಸಬೇಕು. ದಾರವನ್ನು ಬೆರಳಿಗೆ ಸುತ್ತಿ, ಒಂದೊಂದೇ ಕುಣಿಕೆ ಮಾಡಿ ಸೂಜಿಗೆ ಇಳಿಸಬೇಕು. ಹದಿನೈದು ಕುಣಿಕೆಯಾದ ಮೇಲೆ ದಾರದ ತುದಿಯನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಕುಣಿಕೆಗಳನ್ನು ಬೆರಳಲ್ಲಿ ಒತ್ತಿ ಹಿಡಿದು, ಸೂಜಿಯನ್ನು ಕೆಳಕ್ಕೆ ಎಳೆದುಬಿಡಬೇಕು. ಆಗ ಒಂದು ಎಳೆ ಎದ್ದು ನಿಲ್ಲುತ್ತದೆ.

ಸಿದ್ದಗಂಗಮ್ಮನವರ ಕೈಯಲ್ಲಿ ನಿಲ್ಲಲಿಲ್ಲ. ರೇಷ್ಮೆ ದಾರ ಬೆರಳಿನ ಸೀಳುಗಳಿಗೆ ಸಿಕ್ಕಿ ಜುಂಗು ಜುಂಗಾಯಿತು. ಹನ್ನೆರಡು ದಿನ ಚಿಂದಿ ಬಟ್ಟೆಯ ಮೇಲೆ ಹೀಗೇ ಕಳೆಯಿತು. ಆಮೇಲೆ ಅವರು ತಮಗೆ ಗೊತ್ತಿದ್ದ ಉಪಾಯ ಮಾಡಿದರು. ಹಗ್ಗ ಹೊಸೆದು ಕೈ ಉರಿದರೆ ಹಚ್ಚುವುದು ಕೊಬ್ಬರಿ ಎಣ್ಣೆ. ಅದನ್ನೇ ರಾತ್ರಿಯೂ ಬೆಳಿಗ್ಗೆಯೂ ತಿಕ್ಕಿಕೊಂಡು ಬಂದು, ಧೈರ್ಯವಾಗಿ ಕುಲಾವಿಯ ಬಿಳಿ ಬಟ್ಟೆಯನ್ನೇ ಕೈಗೆತ್ತಿಕೊಂಡರು. ದಾರ ಸಿಕ್ಕಿಕೊಳ್ಳಲಿಲ್ಲ. ಆದರೆ ಹಿಡಿತ ಜಾರಿ ಕುಣಿಕೆಗಳು ಸಡಿಲವಾದವು. ಎಳೆ ಹುಳುವಿನಂತೆ ಮುದುಡಿ ಬಿತ್ತು. ಬಟ್ಟೆಯ ಮೇಲೆ ಐದೂ ಬೆರಳಿನ ಎಣ್ಣೆ ಗುರುತು ಮೂಡಿತು.

"ಅಯ್ಯೋ ಅಜ್ಜಿ, ವಡೆ ಕರಿದ ಕೈಯಲ್ಲಿ ಬಂದ್ರಾ?"

ನಗಿಸಲೆಂದು ಅಂದದ್ದು. ಸಿದ್ದಗಂಗಮ್ಮ ನಗಲಿಲ್ಲ.

ನೂರ್ ಅಹಮದ್ ಮಿಷನ್ ನಿಲ್ಲಿಸಿದರು. "ಸಿದ್ದಗಂಗಮ್ಮೋರೇ, ಇನ್ನು ಏಳು ದಿನ ಕಣ್ರೀ. ನಮ್ಮ ಹುಡುಗಿ ಎರಡು ದಿನದಲ್ಲಿ ಮುಗಿಸ್ತಾಳೆ. ನೀವೇ ಹೊಲಿದದ್ದು ಅಂತ ಹೇಳಿ. ಯಾರು ಕೇಳ್ತಾರೆ?"

"ನನಗೆ ಗೊತ್ತಾಗ್ತದಲ್ಲ."

ಅವರು ಹಿಂದಿನ ನಲ್ಲಿಗೆ ಹೋಗಿ ಸೀಗೆಪುಡಿಯಲ್ಲಿ ಕೈ ತೊಳೆದರು. ಜಿಡ್ಡೆಲ್ಲ ಹೋಗಿ, ಚರ್ಮ ಒಣಗಿ, ಮೊದಲಿನಂತೆಯೇ ಒರಟಾಯಿತು. ತಿರುಗಿ ಬರುವಷ್ಟರಲ್ಲಿ ತರನ್ನುಮ್ ರೇಷ್ಮೆಯನ್ನು ಡಬ್ಬಿಗೆ ಹಾಕಿ, ದಪ್ಪ ಹತ್ತಿ ದಾರ ತೆಗೆದಿಟ್ಟಿದ್ದಳು. ಪಕ್ಕದಲ್ಲಿ ಹೊಸ ಬಿಳಿ ಬಟ್ಟೆಯ ತುಂಡು.

"ಹತ್ತಿ ಬೆರಳಿಗೆ ಸಿಕ್ಕಿಕೊಳ್ಳಲ್ಲ ಅಜ್ಜಿ. ಅವತ್ತೇ ಹೊಳೀಬೇಕಿತ್ತು ನನಗೆ."

ಹದಿನೈದು ಕುಣಿಕೆ. ಒರಟು ಹೆಬ್ಬೆರಳು ಅವನ್ನು ಒತ್ತಿ ಹಿಡಿಯಿತು, ಸೂಜಿ ಕೆಳಗಿಳಿಯಿತು. ಎಳೆ ನಿಂತಿತು. ತರನ್ನುಮ್ ಅದನ್ನು ಉಗುರಿನಿಂದ ಬಗ್ಗಿಸಿ ಬಿಟ್ಟಳು. ಮತ್ತೆ ಎದ್ದು ನಿಂತಿತು.

"ನನ್ನವು ಒಂಚೂರು ವಾಲ್ತವೆ," ಎಂದಳು. "ನನ್ನ ಬೆರಳು ಜಾರುತ್ತೆ. ನಿಮ್ಮದು ಹೇಗೆ ಹಿಡ್ಕೊಂತು ನೋಡಿ."

"ಹಗ್ಗದ ಕೈ ಕಣೇ ಇದು," ಎಂದ ಸಿದ್ದಗಂಗಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಎರಡನೇ ಎಳೆಗೆ ಸೂಜಿ ಚುಚ್ಚಿದರು.

ನಾಮಕರಣದ ದಿನ ಸೌಮ್ಯ ಕೂಸಿಗೆ ಕುಲಾವಿ ಕಟ್ಟಿದಳು. ಕಿವಿಯ ಮೇಲೆ ಇಪ್ಪತ್ತೊಂದು ಎಳೆಯ ಹೊಂಬಾಳೆ. ಐದು ತಿಂಗಳ ಕೂಸು ಕೈಯೆತ್ತಿ, ಸಿಕ್ಕಷ್ಟನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗತೊಡಗಿತು.

"ಅಮ್ಮಾ, ಕಿತ್ತಾಕ್ತಾಳೆ ನೋಡು!"

ಸಿದ್ದಗಂಗಮ್ಮ ಕೂತಲ್ಲಿಂದ ಏಳಲಿಲ್ಲ. ತಾಂಬೂಲಕ್ಕೆ ಎಲೆ ಒರೆಸುತ್ತಲೇ ಇದ್ದರು.

"ಎಳೀಲಿ ಬುಡೇ," ಎಂದರು. "ಬರಾಕಿಲ್ಲ ಅದು."